ಬೇಸ್‌ಲೈನಿನ ಹಿಂದಿನ ಸ್ಟೂಲು

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಕಾಕ್ಸ್ ಟೌನಿನಲ್ಲಿ ಒಂದು ಹಳೆಯ ಬಂಗಲೆಯ ಹಿಂದಿರುವ ಎರಡು ಟೆನಿಸ್ ಕೋರ್ಟುಗಳು. ಹಾಜರಿದ್ದವರು ನಾನು, ನನ್ನ ಮಗಳು ಸಂಧ್ಯಾ, ಕೋರ್ಟಿನ ಮಾರ್ಕರ್ ಅನ್ವರ್ ಭಾಯಿ. ಮೂವತ್ತೇಳು ವರ್ಷ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ದಿನ, ಹೊತ್ತು, ಹಾಜರಿ ಬರೆಯದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ.

ಬಂದ ಕೆಲಸ ಸಣ್ಣದು. ಬಂಗಲೆ ಕೈ ಬದಲಾಗಿದೆ. ಮುಂದಿನ ತಿಂಗಳು ಕೆಡವಿ ಫ್ಲ್ಯಾಟ್ ಕಟ್ಟುತ್ತಾರೆ. ಕೋರ್ಟಿನ ಪಕ್ಕದ ಶೀಟಿನ ಕೋಣೆಯಲ್ಲಿ, ರ‍್ಯಾಕೆಟ್ಟಿಗೆ ಗಟ್ ಎಂಬ ಎಳೆಗಳನ್ನು ಬಿಗಿಯುವ ನನ್ನ ಯಂತ್ರ ಎಂಟು ವರ್ಷದಿಂದ ಗೋಣಿಚೀಲ ಹೊದ್ದು ನಿಂತಿತ್ತು. ಅದನ್ನು ಬಿಚ್ಚಿ, ಒರೆಸಿ, ಕಾರಿಗೆ ಹಾಕಿಕೊಂಡು ಬರಬೇಕಿತ್ತು. ಸಂಧ್ಯಾ ತಾನೂ ಬರುತ್ತೇನೆಂದಳು. ಎಪ್ಪತ್ತನಾಲ್ಕರ ಕೈಗೆ ತುಕ್ಕು ಹಿಡಿದ ಬೋಲ್ಟು ಬಗ್ಗುವುದಿಲ್ಲ ಎಂದು ಅವಳಿಗೆ ಗೊತ್ತು.

ಸದಸ್ಯರ ಜೊತೆ ಆಡುವ, ಕೋರ್ಟಿಗೆ ನೀರು ಹಾಕಿ, ಗುಡಿಸಿ, ಗೆರೆ ನೋಡಿಕೊಳ್ಳುವವರನ್ನು ಇಲ್ಲಿ ಮಾರ್ಕರ್ ಎನ್ನುತ್ತಾರೆ. ಅನ್ವರ್ ಭಾಯಿ ಶಿವಾಜಿನಗರದಿಂದ ಸೈಕಲ್ಲಿನಲ್ಲಿ ಬಂದು ಮೂವತ್ತು ವರ್ಷ ಆ ಕೆಲಸ ಮಾಡಿದವರು. ಅಂದು ಆಡುವವರು ಯಾರೂ ಇರಲಿಲ್ಲ. ಮತ್ತೆ ಯಾರೂ ಆಡುವುದೂ ಇಲ್ಲ. ಆದರೂ ಅವರು ಪೈಪು ಹಿಡಿದು ಕೆಮ್ಮಣ್ಣಿಗೆ ನೀರು ಹಾಯಿಸುತ್ತಿದ್ದರು. ಯಾಕೆ ಎಂದು ಕೇಳಿದೆ.

“ಕೈಗೆ ಗೊತ್ತಿಲ್ಲ ಸಾಬ್, ಕ್ಲೋಸ್ ಆಯ್ತು ಅಂತ,” ಎಂದರು.

ನೆಂದ ಕೆಮ್ಮಣ್ಣಿನ ವಾಸನೆಯ ಜೊತೆಗೆ ಪಕ್ಕದ ಬೀದಿಯ ಬೇಕರಿಯಿಂದ ಬನ್ನು ಬೇಯುವ ವಾಸನೆ ಬಂತು. ಎರಡೂ ಸೇರಿ ಮೂಗಿಗೆ ಬಂದಾಗ ನನ್ನ ಕಾಲು ತಾನಾಗಿ ಕೋರ್ಟಿನ ಕೊನೆಯ ಗೆರೆಯಾದ ಬೇಸ್‌ಲೈನಿನ ಹಿಂದಕ್ಕೆ ನಡೆಯಿತು. ಅಲ್ಲಿ ನನ್ನ ಕಬ್ಬಿಣದ ಸ್ಟೂಲು ಇನ್ನೂ ಇತ್ತು. ಮೂರು ಕಾಲು ನೆಟ್ಟಗೆ, ನಾಲ್ಕನೆಯದರ ಕೆಳಗೆ ಅದೇ ಹೆಂಚಿನ ಚೂರು.

ಎಂಟು ವರ್ಷದ ಹಿಂದೆ, ಜುಲೈ ಒಂದರಿಂದ ನವೆಂಬರ್ ಮಧ್ಯದವರೆಗೆ, ಅಭ್ಯಾಸವಿದ್ದ ಒಂದು ದಿನವೂ ತಪ್ಪದೆ ನಾನು ಅದರ ಮೇಲೆ ಕೂತಿದ್ದೆ.

ಆ ವರ್ಷ ಸಂಧ್ಯಾಗೆ ಮೂವತ್ತಮೂರು. ಹದಿನಾಲ್ಕು ವರ್ಷದಿಂದ ಅವಳು ಟೆನಿಸ್ ಆಡಿಯೇ ಬದುಕುತ್ತಿದ್ದಳು, ಅದೂ ಡಬಲ್ಸ್ ಮಾತ್ರ. ಕುಳ್ಳಗಿನ ಹುಡುಗಿ, ಸರ್ವಿಸ್ಸಿನಲ್ಲಿ ಬಲ ಕಡಿಮೆ, ಆದರೆ ನೆಟ್ಟಿನ ಹತ್ತಿರ ನಿಂತರೆ ಅವಳ ಕೈಗಿಂತ ಚುರುಕಾದ ಕೈಯನ್ನು ನಾನು ಕಂಡಿಲ್ಲ. ಜೀವನ್ ಬಿಮಾ ನಗರದ ನಮ್ಮ ಬೀದಿಯವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಎದುರುಮನೆಯವರು ವರ್ಷಕ್ಕೊಮ್ಮೆಯಾದರೂ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ, ಮಗಳು ಯಾವಾಗ ಒಬ್ಬಳೇ ಆಡುವಷ್ಟು ಆಗುತ್ತಾಳೆ ಎಂದು ವಿಚಾರಿಸುತ್ತಿದ್ದರು. ನನ್ನ ಹೆಂಡತಿ ಲಲಿತಾ ಒಮ್ಮೆ ಒಳಗಿನಿಂದಲೇ, ನಿಮ್ಮ ಮನೆ ಎತ್ತುಗಾಡಿಗೆ ಒಂದೇ ಎತ್ತು ಕಟ್ಟುತ್ತಿದ್ದರೇನು ಎಂದು ಕೇಳಿದಳು. ಆಮೇಲೆ ಅವರು ಕೇಳಲಿಲ್ಲ.

ಡಬಲ್ಸ್ ಆಟಗಾರ್ತಿಯ ಬದುಕು ಇನ್ನೊಬ್ಬರಿಗೆ ಕಟ್ಟಿದ ಬದುಕು. ಜೋಡಿಯ ಇಬ್ಬರ ರ‍್ಯಾಂಕಿಂಗನ್ನೂ ಕೂಡಿಸಿ ನೋಡುತ್ತಾರೆ. ಮೊತ್ತ ಸಣ್ಣದಾದಷ್ಟೂ ಒಳ್ಳೆಯದು. ಒಬ್ಬಳ ಮಂಡಿ ಊದಿದರೆ ಇನ್ನೊಬ್ಬಳು ಮನೆಗೆ. ದೊಡ್ಡ ಟೂರ್ನಿಗಳಲ್ಲಿ ಯಾರಾದರೂ ಹುಷಾರಿಲ್ಲದೆ ಹಿಂದೆ ಸರಿದರೆ ಅವರ ಜಾಗಕ್ಕೆ ಕರೆಯಲು ಬದಲಿ ಪಟ್ಟಿ ಅಂತ ಒಂದಿರುತ್ತದೆ. ಅದರಲ್ಲಿರುವವರು ಬೆಳಿಗ್ಗೆ ಹೋಗಿ ಸಹಿ ಮಾಡಿ, ಶೂ ಕಟ್ಟಿಕೊಂಡು, ಸಂಜೆಯ ತನಕ ಬೆಂಚಿನ ಮೇಲೆ ಕೂರಬೇಕು. ಸಂಧ್ಯಾ ಆ ಹದಿನಾಲ್ಕು ವರ್ಷದಲ್ಲಿ ಒಂಬತ್ತು ಸಲ ಹಾಗೆ ಕೂತು ಬಂದಿದ್ದಳು. ಒಂದು ಸಲವೂ ಹೆಸರು ಕರೆಯಲಿಲ್ಲ. ದೊಡ್ಡ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಒಂದೇ ಒಂದು ಮ್ಯಾಚ್ ಆಡಬೇಕು ಎನ್ನುವುದು ಅವಳ ಆಸೆ. ಗೆಲ್ಲಬೇಕೆಂದೂ ಅಲ್ಲ, ಆಡಬೇಕು ಅಷ್ಟೆ.

“ಬೇರೆಯವರ ಜ್ವರಕ್ಕೆ ಕಾಯೋ ಕೆಲಸ ಅಪ್ಪ ಇದು,” ಎಂದಳು ಆ ವರ್ಷ ಜೂನ್ ಕೊನೆಯಲ್ಲಿ ಮನೆಗೆ ಬಂದವಳು. ಬ್ಯಾಗಿನ್ನೂ ಹೆಗಲಲ್ಲೇ ಇತ್ತು. “ಇನ್ನೊಂದು ಸೀಸನ್ ನೋಡ್ತೀನಿ. ಜನವರಿ ಟೂರ್ನಿಗೆ ನೇರ ಎಂಟ್ರಿ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಮುಗೀತು.”

ನಾನು ಒಂದು ಹಾಳೆ ತೆಗೆದುಕೊಂಡು ವೇಳಾಪಟ್ಟಿ ಬರೆದೆ. ನನಗೆ ಗೊತ್ತಿರುವ ಸಾಂತ್ವನ ಅದೊಂದೇ.

ನಾಲ್ಕು ನಲವತ್ತಕ್ಕೆ ಏಳುವುದು. ಐದು ಹತ್ತಕ್ಕೆ ಹೊರಡುವುದು. ಹಲಸೂರು ಕೆರೆಯ ದಂಡೆಯಲ್ಲಿ ಹಾದು ಐದು ಮೂವತ್ತೈದಕ್ಕೆ ಕಾಕ್ಸ್ ಟೌನ್. ಐದು ನಲವತ್ತೈದರಿಂದ ಎಂಟೂಕಾಲರ ತನಕ ಅಭ್ಯಾಸ. ಆಮೇಲೆ ಬನ್ನು, ಚಹಾ. ಎಂಟೂವರೆಯಿಂದ ನಾನು ಶೀಟಿನ ಕೋಣೆಯಲ್ಲಿ ಅಂದಿನ ರ‍್ಯಾಕೆಟ್ಟುಗಳ ಗಟ್ ಕತ್ತರಿಸಿ ಹೊಸದು ಹಾಕುವುದು. ಕೋಳಿ ಕೂಗುವ ಮೊದಲೇ ಎದ್ದು ನೀವು ಕೋಳಿಯನ್ನು ಎಬ್ಬಿಸುತ್ತೀರಿ ಎಂದು ಲಲಿತಾ ಗೊಣಗಿದಳು. ಆದರೆ ಫ್ಲಾಸ್ಕು ತುಂಬಿಸಿಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಬನ್ನು ಬರುತ್ತಿದ್ದುದು ಫಿಲೋಮಿನಾಳ ಮನೆಯ ಬೇಕರಿಯಿಂದ. ಸಂಧ್ಯಾಳ ಜೋಡಿ ಅವಳೇ. ಕಾಕ್ಸ್ ಟೌನಿನಲ್ಲೇ ಹುಟ್ಟಿ ಬೆಳೆದ ತಮಿಳು ಹುಡುಗಿ, ಆರಡಿಗೆ ಎರಡು ಅಂಗುಲ ಕಡಿಮೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಬ್ಬರೂ ಮೊದಲ ಸಲ ಜೊತೆಯಾದಾಗ ಒಂದು ಅನಾಹುತವಾಗಿತ್ತು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಡಬಲ್ಸಿನಲ್ಲಿ ಕಷ್ಟದ ಚೆಂಡು ಇಬ್ಬರ ನಡುವೆ ಬರುವುದು. ಯಾರಾದರೊಬ್ಬರು ಕೂಗಿ ಹೇಳಬೇಕು. ಇವರು “ನಂದು”, “ನಿಂದು” ಎಂದು ಕೂಗುತ್ತಿದ್ದರು. ಓಡುತ್ತ, ಏದುಸಿರಿನಲ್ಲಿ, ಗಾಳಿಯಲ್ಲಿ ಆ ಎರಡು ಮಾತನ್ನು ಕೂಗಿ ನೋಡಿ. ಒಂದೇ ಕೇಳುತ್ತದೆ. ಒಂದು ದಿನ ಸಂಧ್ಯಾ “ನಿಂದು” ಎಂದಳು, ಫಿಲೋಮಿನಾಳಿಗೆ “ನಂದು” ಎಂದು ಕೇಳಿಸಿ ನಿಂತುಬಿಟ್ಟಳು. ಮರುಕ್ಷಣ ಅನುಮಾನ ಬಂದು ಇಬ್ಬರೂ ಒಟ್ಟಿಗೆ ನುಗ್ಗಿದರು. ಸಂಧ್ಯಾಳ ರ‍್ಯಾಕೆಟ್ ತಗುಲಿ ಫಿಲೋಮಿನಾಳ ಹುಬ್ಬು ಸೀಳಿತು. ತಮಿಳಿನಲ್ಲಿ ಕೂಗೋಣ ಎಂದರೆ “ಎನ್ನುದು”, “ಉನ್ನುದು”. ಅದೂ ಅಷ್ಟೇ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ನಿಯಮ ಮಾಡಿದೆ. ಇನ್ನು ಮೇಲೆ ಕೋರ್ಟಿನಲ್ಲಿ ಒಂದೇ ಮಾತು, “ಬಿಡು”. ಯಾರಿಗೆ ಚೆನ್ನಾಗಿ ಕಾಣುತ್ತದೋ ಅವರು ಹೇಳಬೇಕು. ಕೇಳಿಸಿಕೊಂಡವರು ರ‍್ಯಾಕೆಟ್ ಇಳಿಸಬೇಕು, ಪ್ರಶ್ನೆ ಕೇಳುವಂತಿಲ್ಲ. ಹುಬ್ಬಿಗೆ ಆರು ಹೊಲಿಗೆ ಹಾಕಿಸಿಕೊಂಡಿದ್ದ ಫಿಲೋಮಿನಾ ನಕ್ಕಳು. “ನಮ್ದ್ರಲ್ಲೂ ವಿಡು ಅಂತಾರೆ ಅಂಕಲ್. ಒಂದಕ್ಷರ ತಾನೇ, ಅಡ್ಜಸ್ಟ್ ಮಾಡ್ಕೋತೀನಿ,” ಎಂದಳು. ಹದಿನಾಲ್ಕು ವರ್ಷ ಆ ಒಂದು ಮಾತಿನಿಂದ ಅವರಿಗೆ ಎಂದೂ ಏಟಾಗಲಿಲ್ಲ.

ಇನ್ನು ಸ್ಟೂಲಿನ ವಿಷಯ. ಆ ವರ್ಷ ಸಂಧ್ಯಾಳ ಬಲಭುಜ ಸವೆದಿತ್ತು. ತಲೆಯ ಮೇಲಿನ ಚೆಂಡು ಹೊಡೆಯುವುದೇ ಭುಜಕ್ಕೆ ಶತ್ರು, ದಿನಕ್ಕೆ ನಲವತ್ತಕ್ಕಿಂತ ಹೆಚ್ಚು ಬೇಡ ಎಂದು ಡಾಕ್ಟರು ಹೇಳಿದ್ದರು. ಅನ್ವರ್ ಭಾಯಿ ಆ ಕಡೆಯಿಂದ ಎತ್ತರದ ಚೆಂಡು ಎತ್ತಿ ಕೊಡುತ್ತಿದ್ದರು. ಕೆಲವು ಗೆರೆಯ ಆಚೆ ಬೀಳುತ್ತಿದ್ದವು. ಆಚೆ ಬೀಳುವ ಚೆಂಡಿಗೆ ಭುಜ ಯಾಕೆ ದಂಡ ತೆರಬೇಕು? ಅದಕ್ಕೇ ನಾನು ಬೇಸ್‌ಲೈನಿನ ಹಿಂದೆ, ಬೇಲಿಗೆ ಒರಗಿ ಸ್ಟೂಲು ಹಾಕಿಕೊಂಡೆ. ಚೆಂಡು ಆಚೆ ಹೋಗುತ್ತದೆ ಎಂದು ಕಂಡ ಕೂಡಲೆ “ಬಿಡು” ಎನ್ನುತ್ತಿದ್ದೆ. ಮೇಲೆತ್ತಿದ ಅವಳ ಕೈ ಕೆಳಗಿಳಿಯುತ್ತಿತ್ತು. ಮೊದಲ ವಾರ ಅವಳು ತಿರುಗಿ ನೋಡುತ್ತಿದ್ದಳು. ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಕಡೆ ಗುರುತು ಉಳಿಯುತ್ತದೆ. ಪ್ರತಿ ಸಲವೂ ಗುರುತು ಗೆರೆಯ ಆಚೆಗೇ ಇರುತ್ತಿತ್ತು. ಎರಡನೆಯ ವಾರದಿಂದ ಅವಳು ತಿರುಗುವುದನ್ನು ಬಿಟ್ಟಳು. ನನ್ನ ಮಾತು ಮುಗಿಯುವ ಮೊದಲೇ ಕೈ ಇಳಿದಿರುತ್ತಿತ್ತು. ದಿನಕ್ಕೆ ಮೂವತ್ತು ಸಲ ಎಂದರೂ ನಾಲ್ಕೂವರೆ ತಿಂಗಳು.

ನನಗೆ ಅದರಿಂದ ಹೆಮ್ಮೆಯಾಗುತ್ತಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ದಾವಣಗೆರೆಯಿಂದ ಹದಿನೆಂಟರಲ್ಲಿ ಬಂದು ಕಾರ್ಖಾನೆ ಸೇರಿದವನು, ಮೂವತ್ತೇಳು ವರ್ಷ ಕಣ್ಣನ್ನೇ ನಂಬಿ ಬದುಕಿದವನು ನಾನು. ಅಲ್ಲಿ ಪ್ರತಿ ತಪಾಸಣೆಗಾರನಿಗೂ ಅವನದೇ ಸಂಖ್ಯೆಯ ಒಂದು ಮೊಹರು ಕೊಡುತ್ತಾರೆ. ನನ್ನದು ನಲವತ್ತೊಂದು. ಆ ಮೊಹರು ಬಿದ್ದ ಬಿಡಿಭಾಗವನ್ನು ಮುಂದೆ ಯಾರೂ ಅಳೆಯುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಕಣ್ಣು ಸೋತಿತೆಂದರೆ ಅಂದೇ ಮೊಹರು ಒಪ್ಪಿಸಿ, ಬೇರೆ ಮೇಜಿಗೆ ಹೋಗಬೇಕು. ದೊಡ್ಡ ದೊಡ್ಡವರು ಒಪ್ಪಿಸಿ ಹೋದದ್ದನ್ನು ನೋಡಿದ್ದೆ. ನನಗೆ ಆ ದಿನ ಬರಲೇ ಇಲ್ಲ. ಮೊಹರು ಕೈಯಲ್ಲಿರುವಾಗಲೇ ನಿವೃತ್ತನಾದೆ.

ಆಗಸ್ಟಿನಲ್ಲಿ ಮಳೆ ಹಿಡಿದು ಮೂರು ದಿನ ಕೋರ್ಟು ಕೆರೆಯಾಗಿತ್ತು. ಬಿಡುವಿದ್ದುದರಿಂದ ಹಲಸೂರಿನ ಕಣ್ಣಿನ ಡಾಕ್ಟರ ಬಳಿ ಹೋದೆ. ದೀಪದ ಸುತ್ತ ಪ್ರಭೆ ಕಾಣುತ್ತಿತ್ತು, ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡಿದ್ದೆ. ಎಡಗಣ್ಣಿನಲ್ಲಿ ಪೊರೆ ಬಲಿತಿದೆ, ಬಲಗಣ್ಣಿನಲ್ಲಿ ಶುರುವಾಗಿದೆ, ಒಂದು ತಿಂಗಳೊಳಗೆ ಆಪರೇಷನ್ ಮಾಡಿಸಿಕೊಳ್ಳಿ ಎಂದರು ಅವರು. ಆಮೇಲೆ ಎಷ್ಟು ದಿನ ಧೂಳಿಗೆ ಹೋಗಬಾರದು ಎಂದು ಕೇಳಿದೆ. ತಿಂಗಳಾದರೂ ಬೇಡ ಎಂದರು. ಡೈರಿ ತೆಗೆದು, “ಕಣ್ಣು: ನವೆಂಬರ್ ನಂತರ” ಎಂದು ಬರೆದುಕೊಂಡೆ. ಮನೆಯಲ್ಲಿ ನಂಬರು ಬದಲಾಯಿತು ಎಂದಷ್ಟೇ ಹೇಳಿದೆ. ವೇಳಾಪಟ್ಟಿ ತಪ್ಪಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಾನಿಲ್ಲದೆ ಆ ಸ್ಟೂಲು ಒಂದು ತಿಂಗಳು ಖಾಲಿ ಇರುವುದು ನನಗೆ ಬೇಕಿರಲಿಲ್ಲ. ನಿಜವಾದ ಕಾರಣ ಅದು.

ಸೆಪ್ಟೆಂಬರಿನಲ್ಲಿ ಅವರಿಬ್ಬರೂ ಮೂರು ಊರು ಸುತ್ತಿ ಬಂದರು. ಒಂದು ಕಡೆ ಸೆಮಿಫೈನಲ್, ಒಂದು ಕಡೆ ಫೈನಲ್, ಒಂದು ಕಡೆ ಮೊದಲ ಸುತ್ತಿನಲ್ಲೇ ಮನೆಗೆ. ಸೋತಾಗಲೂ ಗೆದ್ದಾಗಲೂ ಸಂಧ್ಯಾ ಒಂದೇ ಥರ ಬಂದು ಒಂದೇ ಥರ ಕೂರುತ್ತಿದ್ದಳು. ಸೋಫಾದ ಮೇಲೆ, ಭುಜಕ್ಕೆ ಬಿಸಿನೀರಿನ ಚೀಲ, ಕಣ್ಣು ಮುಚ್ಚಿ. ವಿಮಾನ ನಿಲ್ದಾಣ, ಬಸ್ಸು, ಹೋಟೆಲ್ಲಿನ ಸೋಪು ಇವುಗಳ ಬಗ್ಗೆ ಮಾತಾಡುತ್ತಿದ್ದಳೇ ಹೊರತು ಆಟದ ಬಗ್ಗೆ ಅಲ್ಲ. ಮದುವೆಯ ಮಾತು ಮನೆಯಲ್ಲಿ ನಿಂತು ಆಗಲೇ ಮೂರು ವರ್ಷವಾಗಿತ್ತು. ಫಿಲೋಮಿನಾಳ ಮನೆಯಲ್ಲಿ ಇನ್ನೂ ನಡೆಯುತ್ತಿತ್ತು. ಅವಳ ಅಮ್ಮ ಬನ್ನಿನ ಪೊಟ್ಟಣದ ಜೊತೆ ಒಂದೊಂದು ಹುಡುಗನ ವಿವರ ಕಳಿಸುತ್ತಿದ್ದರಂತೆ. ಇವಳು ಬನ್ನು ಇಟ್ಟುಕೊಂಡು ವಿವರ ವಾಪಸು ಕಳಿಸುತ್ತಿದ್ದಳಂತೆ.

ಲೆಕ್ಕ ಹೀಗೆ ಬಂದು ನಿಂತಿತು. ನವೆಂಬರಿನಲ್ಲಿ ನಮ್ಮ ಊರಲ್ಲೇ, ವೈಟ್‌ಫೀಲ್ಡ್ ಕಡೆಯ ಒಂದು ಅಕಾಡೆಮಿಯಲ್ಲಿ ಟೂರ್ನಿ. ಅದನ್ನು ಗೆದ್ದರೆ ಇಬ್ಬರ ಮೊತ್ತ ಜನವರಿಯ ದೊಡ್ಡ ಟೂರ್ನಿಗೆ ಸಾಕಾಗುತ್ತದೆ. ಫೈನಲ್ ತನಕ ಹೋಗಿ ಸೋತರೆ ಸಾಲದು.

ಅಕ್ಟೋಬರಿನ ಎರಡನೆಯ ವಾರ ಒಂದು ಬೆಳಿಗ್ಗೆ, ಅಭ್ಯಾಸ ಮುಗಿದ ಮೇಲೆ, ಅನ್ವರ್ ಭಾಯಿ ಪೊರಕೆ ಹಿಡಿದು ನನ್ನ ಹತ್ತಿರ ಬಂದರು. ಹುಡುಗಿಯರು ಗೇಟಿನ ಬಳಿ ಚಹಾ ಕುಡಿಯುತ್ತಿದ್ದರು.

“ಸಾಬ್, ಇಲ್ಲಿ ನೋಡಿ. ಈ ಗುರುತು ಗೆರೆ ಮೇಲಿದೆ. ನೀವು ಬಿಡು ಅಂದ್ರಿ.”

ಬಗ್ಗಿ ನೋಡಿದೆ. ನಾಣ್ಯದಷ್ಟಗಲದ ಗುರುತು, ಅರ್ಧ ಮಣ್ಣಿನ ಮೇಲೆ, ಅರ್ಧ ಬಿಳಿ ಗೆರೆಯ ಮೇಲೆ. ಅವರು ಇನ್ನೊಂದು ತೋರಿಸಿದರು. ಅದೂ ಹಾಗೇ.

“ಗುಡಿಸಿಬಿಡಿ,” ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಗುಡಿಸಿದರು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರ ಮೇಲೆ ವರದಿ ಬರೆಯುವವನು ನಾನೇ. ಆ ದಿನ ಸ್ಟೂಲಿನ ಮೇಲೆ ಕೂತು ಎರಡು ಗುಟುಕು ಚಹಾ ಕುಡಿದು, ಅಭ್ಯಾಸದಲ್ಲಿ ಒಂದೆರಡು ಹೆಚ್ಚುಕಡಿಮೆ ಆದರೇನು, ಭುಜ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿಂದ ಮುಂದೆ ಕೆಲವು ಚೆಂಡುಗಳನ್ನು ನಾನು ನೋಡಿ ಅಲ್ಲ, ಊಹಿಸಿ ಹೇಳುತ್ತಿದ್ದೆ. ಹೋಗುವ ಚೆಂಡಿನ ಸದ್ದು, ಅನ್ವರ್ ಭಾಯಿಯ ಕೈ ಎತ್ತರ, ಗಾಳಿ. ಬಹಳಷ್ಟು ಸರಿಯಾಗುತ್ತಿದ್ದವು. ಹಾಗಾಗಿ ನಿಲ್ಲಿಸಲಿಲ್ಲ.

ಟೂರ್ನಿಯಲ್ಲಿ ಇಬ್ಬರೂ ಚೆನ್ನಾಗಿ ಆಡಿದರು. ಸಂಧ್ಯಾಳ ಭುಜ ನಾಲ್ಕು ದಿನ ತಡೆಯಿತು. ಶನಿವಾರ ಮಧ್ಯಾಹ್ನ ಎರಡಕ್ಕೆ ಫೈನಲ್. ಮೋಡ ಕವಿದ ದಿನ, ತುಂತುರು ಬಂದು ಎರಡು ಸಲ ಆಟ ನಿಂತಿತು. ಸಿಮೆಂಟಿನ ಕೋರ್ಟು. ಅಲ್ಲಿ ಚೆಂಡು ಗುರುತು ಬಿಡುವುದಿಲ್ಲ. ನಾನು ಹೋದ ಕೂಡಲೆ ಅಭ್ಯಾಸಬಲದಿಂದ ಬೇಸ್‌ಲೈನಿನ ಹಿಂದೆ, ಬೇಲಿಯ ಹೊರಗೆ ಕುರ್ಚಿ ಹಿಡಿದೆ. ಲಲಿತಾ ಮೇಲೆ ನೆರಳಿನಲ್ಲಿ, ಫಿಲೋಮಿನಾಳ ಅಮ್ಮ ಮತ್ತು ಅಣ್ಣನ ಜೊತೆ ಕೂತಳು.

ಒಂದೊಂದು ಸೆಟ್ ಹಂಚಿಕೆಯಾಯಿತು. ಡಬಲ್ಸಿನಲ್ಲಿ ಮೂರನೆಯ ಸೆಟ್ ಪೂರ್ತಿ ಆಡಿಸುವುದಿಲ್ಲ, ಹತ್ತು ಪಾಯಿಂಟಿನ ಒಂದು ಟೈಬ್ರೇಕ್ ಇರುತ್ತದೆ. ಮೊದಲು ಹತ್ತು ಮುಟ್ಟಬೇಕು, ಎರಡರ ಅಂತರವಿರಬೇಕು. ಎದುರಾಳಿಗಳು ಒಂಬತ್ತು, ನಮ್ಮವರು ಎಂಟು. ಚೆಂಡು ನಾಲ್ಕಾರು ಸಲ ಆ ಕಡೆ ಈ ಕಡೆ ಹೋಯಿತು. ಆಮೇಲೆ ಆ ಕಡೆಯವಳು ನೆಟ್ಟಿನ ಬಳಿಯಿದ್ದ ಫಿಲೋಮಿನಾಳ ತಲೆಯ ಮೇಲಿಂದ ಎತ್ತರಕ್ಕೆ ಎತ್ತಿದಳು. ಸಂಧ್ಯಾ ಹಿಂದೆ ಸರಿದು ಚೆಂಡಿನ ಕೆಳಗೆ ಬಂದಳು. ರ‍್ಯಾಕೆಟ್ ಮೇಲೆದ್ದಿತ್ತು. ಎಡಗೈ ಚೆಂಡಿನತ್ತ ತೋರಿಸುತ್ತಿತ್ತು. ಅವಳ ಬೆನ್ನಿಗೂ ನನಗೂ ನಡುವೆ ಹತ್ತಡಿ, ಒಂದು ತಂತಿಬೇಲಿ.

ಬೂದು ಮೋಡದಲ್ಲಿ ನನಗೆ ಚೆಂಡು ಕಾಣಲಿಲ್ಲ. ಅದು ಆಚೆ ಹೋಗುತ್ತದೆ ಎಂದು ಅನಿಸಿತು. ಬಾಯಿಂದ “ಬಿಡು” ಬಂದುಬಿಟ್ಟಿತು.

ಅವಳ ಕೈ ಇಳಿಯಿತು.

ಚೆಂಡು ಬಿತ್ತು. ಗೆರೆಯ ಪಕ್ಕ ಬಗ್ಗಿ ನಿಂತಿದ್ದ ಲೈನ್ ಜಡ್ಜ್ ಎರಡು ಅಂಗೈಗಳನ್ನು ನೆಲಕ್ಕೆ ಚಾಚಿ ಹಿಡಿದಳು. ಗೆರೆಯ ಮೇಲೆ ಬಿತ್ತು ಎನ್ನುವ ಸನ್ನೆ. ಆಟ ಮುಗಿಯಿತು. ಬೇಲಿಯ ಹೊರಗೆ ಯಾರೋ ಕೂಗಿದ್ದನ್ನು ಕೇಳಿಸಿಕೊಂಡವರು ನಾಲ್ಕೈದು ಜನ ಇರಬಹುದು. ಯಾರೂ ನನ್ನತ್ತ ನೋಡಲಿಲ್ಲ. ಹೊಡೆದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳಲಾರೆ. ಒಂಬತ್ತು ಒಂಬತ್ತು ಆಗುತ್ತಿತ್ತೋ ಏನೋ, ಅಷ್ಟೆ. ಸಂಧ್ಯಾ ನೆಟ್ಟಿನ ಬಳಿ ಹೋಗಿ ಎಲ್ಲರ ಕೈ ಕುಲುಕಿದಳು. ಪತ್ರಿಕೆಯವರು ಕೇಳಿದಾಗ, ಚೆಂಡನ್ನು ಅಂದಾಜು ಮಾಡುವುದರಲ್ಲಿ ತಾನೇ ತಪ್ಪಿದೆ ಎಂದಳು.

ಸಂಜೆ ಐದರ ಹೊತ್ತಿಗೆ ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ವಾಹನಗಳು ನಿಂತಿದ್ದವು. ಎಡಗಡೆ ಒಂದು ಬಸ್ಸು, ಬಲಗಡೆ ಒಂದು ಬಸ್ಸು, ನಡುವೆ ನಮ್ಮ ಕಾರು. ಲಲಿತಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಸಂಧ್ಯಾ ಮುಂದೆ ನನ್ನ ಪಕ್ಕ ಭುಜ ಹಿಡಿದುಕೊಂಡು ಕೂತಿದ್ದಳು. ಇಪ್ಪತ್ತು ನಿಮಿಷ ಕಾರು ಅಲ್ಲಾಡಲಿಲ್ಲ.

“ಬಾಲ್ ಔಟ್ ಇತ್ತಲ್ವಾ ಅಪ್ಪ?” ಎಂದಳು, ಮುಂದಿನ ಬಸ್ಸನ್ನೇ ನೋಡುತ್ತ.

“ಹೂಂ,” ಎಂದೆ.

ಅವಳು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಮುಖದಲ್ಲಿ ಏನೋ ಸಡಿಲವಾದದ್ದು ನನಗೆ ಆ ಕಣ್ಣಿನಲ್ಲೂ ಕಂಡಿತು.

ಡಿಸೆಂಬರ್ ಮೊದಲ ವಾರ ಎರಡು ಕಣ್ಣಿಗೂ ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ಗೋಡೆಯ ಬಣ್ಣ ನೋಡಿ ಆಶ್ಚರ್ಯಪಟ್ಟೆ. ಅದು ಹಳದಿ ಎಂದುಕೊಂಡಿದ್ದೆ, ಬಿಳಿಯಿತ್ತು. ಆ ವಾರ ಫಿಲೋಮಿನಾ ಪ್ಲಮ್ ಕೇಕ್ ತಂದುಕೊಟ್ಟಳು. ಸಂಧ್ಯಾ ಮನೆಯಲ್ಲಿರಲಿಲ್ಲ. ತನ್ನ ಅಣ್ಣ ಫೋನಿನಲ್ಲಿ ಹಿಡಿದಿದ್ದ ಆ ಕೊನೆಯ ಪಾಯಿಂಟನ್ನು ತೋರಿಸಿದಳು. ಮೇಲಿನ ಸಾಲಿನಿಂದ ತೆಗೆದದ್ದು, ಎಲ್ಲ ಕಾಣುತ್ತಿತ್ತು. ಚೆಂಡು ಗೆರೆಯ ಹೊರ ಅಂಚಿಗೆ ಬಿದ್ದು ಪುಟಿದದ್ದು ಸ್ಪಷ್ಟವಾಗಿ ಕಂಡಿತು. ಅದಕ್ಕೂ ಮೊದಲು ನನ್ನ ಧ್ವನಿಯೂ ಇತ್ತು.

“ಸಂಧ್ಯಾಗೆ ತೋರ್ಸಿಲ್ಲ ಅಂಕಲ್,” ಎಂದಳು. ಬಯ್ಯಲಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಲು ಬಂದದ್ದಾಗಿ ತಿಳಿಸಿದಳು. ಹೊರದೇಶದ ಒಬ್ಬಳು, ರ‍್ಯಾಂಕಿಂಗಿನಲ್ಲಿ ತುಂಬ ಮುಂದಿರುವವಳು, ತನ್ನನ್ನು ಜೋಡಿಯಾಗಿ ಕರೆದಿದ್ದಾಳೆ, ಹೋಗಲೋ ಬೇಡವೋ ತಿಳಿಯುತ್ತಿಲ್ಲ ಎಂದಳು. ಅದನ್ನು ಸಂಧ್ಯಾಳನ್ನೇ ಕೇಳು ಎಂದೆ. ಕೇಳಿದಳಂತೆ. ಸಂಧ್ಯಾ ಅವಳ ಬ್ಯಾಗು ತಾನೇ ಕಟ್ಟಿಕೊಟ್ಟಳು. ಜನವರಿಯಲ್ಲಿ ಫಿಲೋಮಿನಾ ದೊಡ್ಡ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಒಂದು ಮ್ಯಾಚ್ ಆಡಿ, ಸೋತು ಬಂದಳು. ಸಂಧ್ಯಾ ಅದನ್ನು ಬೆಳಿಗ್ಗೆ ಎದ್ದು ಟೀವಿಯಲ್ಲಿ ಪೂರ್ತಿ ನೋಡಿ, ಟೀವಿ ಆರಿಸಿ, ರ‍್ಯಾಕೆಟ್ಟುಗಳನ್ನು ಅಟ್ಟಕ್ಕೆ ಹಾಕಿದಳು. ಈಗ ಕೆ.ಆರ್. ಪುರದ ಕಡೆ ಮಕ್ಕಳಿಗೆ ಟೆನಿಸ್ ಕಲಿಸುತ್ತಾಳೆ. ಭುಜ ಮೇಲೆತ್ತಲು ಆಗುವುದಿಲ್ಲ, ಬಾಯಲ್ಲೇ ಹೇಳಿಕೊಡುತ್ತಾಳೆ.

ನಾನು ಏನೂ ಹೇಳಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎಂಟು ವರ್ಷ. ಡೈರಿಯಲ್ಲಿ ಬರೆದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅದನ್ನು ಬರೆದುಕೊಳ್ಳುವ ಧೈರ್ಯವೂ ಬರಲಿಲ್ಲ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಯಂತ್ರದ ನಾಲ್ಕು ಬೋಲ್ಟುಗಳಲ್ಲಿ ಮೂರು ಸುಲಭವಾಗಿ ಬಂದವು. ನಾಲ್ಕನೆಯದಕ್ಕೆ ಸಂಧ್ಯಾ ಎಣ್ಣೆ ಬಿಟ್ಟು ಕಾಯುತ್ತಿದ್ದಳು. ಅನ್ವರ್ ಭಾಯಿ ಬಾಗಿಲಿಗೆ ಬಂದು, “ಸಾಬ್, ಸ್ಟೂಲ್ ಭೀ ತಗೊಂಡ್ಹೋಗಿ. ಇಲ್ಲಾಂದ್ರೆ ಗುಜರಿಗೆ ಹಾಕ್ತಾರೆ,” ಎಂದರು. ಬೇಡ ಎಂದೆ. ಸಂಧ್ಯಾ ಗೋಡೆಯ ಕಡೆ ನೋಡುತ್ತಿದ್ದಳು. ಮೊಳೆಗೆ ಒಂದು ರ‍್ಯಾಕೆಟ್ ನೇತುಹಾಕಿತ್ತು, ಧೂಳು ಹಿಡಿದಿತ್ತು.

“ಇದು ಫೈನಲ್‌ದು ಅಲ್ವಾ? ಗಟ್ ಯಾಕಪ್ಪ ಹಾಗೇ ಇದೆ? ಮ್ಯಾಚ್ ಮುಗಿದ್ಮೇಲೆ ಹಳೇ ಗಟ್ ಒಂದು ದಿನ ಇರಬಾರದು ಅಂತ ನೀವೇ ಹೇಳ್ತಿದ್ರಿ.”

ಅವಳು ಹೇಳಿದ್ದು ಸರಿ. ಆ ಒಂದರ ಗಟ್ ಕತ್ತರಿಸಲು ಆಗ ನನ್ನ ಕೈ ಬರಲಿಲ್ಲ. ಮನೆಗೂ ಒಯ್ಯಲಾಗಲಿಲ್ಲ.

“ಆವತ್ತು ಬಿಡು ಅಂದಿದ್ದು ನಾನು,” ಎಂದೆ.

“ನಿಮ್ಮ ಧ್ವನಿ ನನಗೆ ಗೊತ್ತಾಗಲ್ವಾ?” ಅವಳು ಸಹಜವಾಗಿಯೇ ಹೇಳಿ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿದಳು.

“ಬಾಲ್ ಒಳಗಿತ್ತು, ಸಂಧ್ಯಾ. ಗೆರೆ ಮೇಲೆ.”

ಸ್ಪ್ಯಾನರ್ ನಿಂತಿತು. ನಾನು ಉಳಿದದ್ದನ್ನೂ ಹೇಳಿದೆ. ಪೊರೆ, ಆಗಸ್ಟ್, ಅಕ್ಟೋಬರಿನ ಗುರುತುಗಳು, ಗುಡಿಸಿದ್ದು, ಫಿಲೋಮಿನಾ ತೋರಿಸಿದ ವಿಡಿಯೊ. ಕ್ರಮವಾಗಿ, ಒಂದಾದ ಮೇಲೊಂದು. ಕೋರ್ಟಿನಲ್ಲಿ ನೀರಿನ ಸದ್ದು ನಿಂತಿತ್ತು.

ಅವಳು ಸ್ಪ್ಯಾನರನ್ನು ಬೋಲ್ಟಿನಿಂದ ತೆಗೆದಳು. ಆಮೇಲೆ, “ಲೈನ್ ಜಡ್ಜ್ ತಪ್ಪು ಕೊಟ್ರು ಅಂತ ಅಂದ್ಕೊಂಡಿದ್ದೆ ಇಷ್ಟು ವರ್ಷ,” ಎಂದಳು. “ನೀವು ಔಟ್ ಅಂದ್ರೆ ಔಟೇ. ನಮಗೆ ಅನ್ಯಾಯ ಆಯ್ತು, ನಾವು ಸೋಲ್ಲಿಲ್ಲ, ಅಂತ. ಅದೊಂದು ಇಟ್ಕೊಂಡಿದ್ದೆ.”

ಇದನ್ನು ನಾನು ಯೋಚಿಸಿರಲಿಲ್ಲ. ಎಂಟು ವರ್ಷ ನನ್ನ ತಪ್ಪನ್ನು ನಾನು ಹೊತ್ತುಕೊಂಡೆ ಎಂದುಕೊಂಡಿದ್ದೆ. ಅವಳು ನನ್ನ ಮೊಹರನ್ನು ಹೊತ್ತುಕೊಂಡಿದ್ದಳು.

ಸ್ಪ್ಯಾನರ್ ಕೆಳಗಿಟ್ಟು ಅವಳು ಹೊರಗೆ ಹೋದಳು. ಬಾಗಿಲಿನಿಂದ ನೋಡಿದೆ. ನೆಂದ ಮಣ್ಣಿನ ಮೇಲೆ ನಡೆದು ಬೇಸ್‌ಲೈನಿನ ಹತ್ತಿರ, ಸ್ಟೂಲಿಗೆ ಬೆನ್ನು ಮಾಡಿ ನಿಂತಳು. ಮೇಲೆ ನೋಡಿದಳು. ಬಲಗೈ ಭುಜದ ತನಕ ಎದ್ದು ಅಲ್ಲಿಗೇ ನಿಂತಿತು, ಅದಕ್ಕಿಂತ ಮೇಲೆ ಅದು ಈಗ ಹೋಗುವುದಿಲ್ಲ. ಅನ್ವರ್ ಭಾಯಿ ಬೇರೆ ಕಡೆ ಮುಖ ಮಾಡಿ ಪೈಪು ಸುತ್ತುತ್ತಿದ್ದರು. ಐದು ನಿಮಿಷ ಇರಬಹುದು. ಗಡಿಯಾರ ನೋಡಲಿಲ್ಲ.

ವಾಪಸು ಬಂದು ಮೊಳೆಯಿಂದ ರ‍್ಯಾಕೆಟ್ ತೆಗೆದು, ಸೆರಗಿಲ್ಲದ ಹೆಣ್ಣುಮಗಳು, ಅಂಗಿಯ ತುದಿಯಿಂದಲೇ ಧೂಳು ಒರೆಸಿದಳು.

“ಬಿಡು ಅಪ್ಪ,” ಎಂದಳು.

ನಲವತ್ತೊಂದು ವರ್ಷದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದಿಲ್ಲ. ಆಗಿದ್ದಾಯಿತು ಹೋಗಲಿ ಎಂದಳೋ, ಇನ್ನು ಸಾಕು ಎಂದಳೋ, ಬೇಸತ್ತು ಹೇಳಿದಳೋ, ಮುಖ ನೋಡಿದರೂ ತಿಳಿಯಲಿಲ್ಲ. ಆದರೆ ನಿಯಮ ಮಾಡಿದವನು ನಾನೇ. ಕೇಳಿಸಿಕೊಂಡವರು ಪ್ರಶ್ನೆ ಕೇಳುವಂತಿಲ್ಲ. ಕೇಳಲಿಲ್ಲ.

ಡಬ್ಬಿಯಿಂದ ಕತ್ತರಿ ತೆಗೆದೆ. ಅವಳು ರ‍್ಯಾಕೆಟ್ಟಿನ ಚೌಕಟ್ಟನ್ನು ಎರಡು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಗಟ್ ಕತ್ತರಿಸುವಾಗ ನಡುವಿನಿಂದ ಶುರು ಮಾಡಬೇಕು. ಒಂದು ಉದ್ದ, ಒಂದು ಅಡ್ಡ, ಹೀಗೆ ಹೊರಕ್ಕೆ ಹೋಗಬೇಕು. ಒಂದೇ ಕಡೆಯಿಂದ ಕತ್ತರಿಸುತ್ತ ಹೋದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಹದಿನಾರು ಉದ್ದ, ಹತ್ತೊಂಬತ್ತು ಅಡ್ಡ. ಪ್ರತಿ ಎಳೆಯೂ ಟಪ್ ಎಂದು ಸದ್ದು ಮಾಡಿ ಸಡಿಲವಾಯಿತು. ಎಂಟು ಗಂಟೆ ಐವತ್ತು ನಿಮಿಷಕ್ಕೆ ಕೊನೆಯ ಎಳೆ ಬಿತ್ತು. ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿದೆ. ಕತ್ತರಿ ಒರೆಸಿ ಡಬ್ಬಿಗಿಟ್ಟು ಮುಚ್ಚಳ ಹಾಕಿದೆ.